ಭರಮು ಪೈಲ್ವಾನನ ಮಗಳ ಮೊಬೈಲು

ಭರಮು ಪೈಲ್ವಾನನ ಬಗ್ಗೆ ಹೇಳುವುದಾದರೆ ಅವನ ಕೈಗಳಿಂದಲೇ ಶುರು ಮಾಡಬೇಕು. ಬಾಯಿಂದ ಆಗುವ ಕೆಲಸವನ್ನೂ ಕೈಯಿಂದಲೇ ಮಾಡಿದವನು ಅವನು. ಬೇಡ ಅನ್ನಲು ಒಂದು ಏಟು, ಬಾ ಅನ್ನಲು ಕೊರಳಪಟ್ಟಿಗೆ ಕೈ, ಖುಷಿಯಾದರೆ ಬೆನ್ನು ಮುರಿಯುವಂಥ ಗುದ್ದು. ನಾನು ಸಿದರಾಯ, ಕಾಗವಾಡದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಹುಡುಗರಾಗಿದ್ದಾಗ ಒಂದೇ ತಾಲೀಮಿನ ಗರಡಿಮಣ್ಣಿನಲ್ಲಿ ಹೊರಳಾಡಿದವರು ನಾವು. ಅಲ್ಲಿ ಅವನು ನನ್ನನ್ನು ಎತ್ತಿ ಒಗೆಯದ ದಿನವಿರಲಿಲ್ಲ. ಹಾಗಾಗಿ ಅವನ ವಿಷಯ ಹೇಳಲು ಬೇರೆ ಯಾರಿಗಿಂತ ನನಗೆ ಹಕ್ಕು ಹೆಚ್ಚು ಎಂದುಕೊಂಡಿದ್ದೇನೆ.

ಕುಸ್ತಿ ಕಲಿಸುತ್ತಿದ್ದ ವಸ್ತಾದರಿಗೆ ಅವನ ಮೇಲೆ ಬಹಳ ಪ್ರೀತಿ. ಎಲ್ಲ ಪಟ್ಟುಗಳನ್ನೂ ಹೇಳಿಕೊಟ್ಟರು. ಎದುರಾಳಿಯ ತೋಳನ್ನು ಹಿಂದಕ್ಕೆ ತಿರುವಿ ಮೊಣಕೈ ಮೇಲೆ ಮೈಭಾರ ಹಾಕುವ ಒಂದು ಪಟ್ಟಿತ್ತು. ಅದನ್ನು ತೋರಿಸಿದ ದಿನವೇ, ಇದನ್ನು ಹಿಡಿಯಬೇಕು, ಭಾರ ಹಾಕಬಾರದು, ಎದುರಿನವನೂ ನಾಳೆ ತನ್ನ ಕೈಯಿಂದ ರೊಟ್ಟಿ ಮುರಿದು ತಿನ್ನಬೇಕು ಎಂದು ಹೇಳಿದ್ದರು. ಭರಮು ಸಾಂಗಲಿ, ಮಿರಜ, ರಾಯಬಾಗದ ಕಡೆಯ ಕಣಗಳಲ್ಲಿ ಗೆದ್ದ, ಗೆದ್ದವರ ತಲೆಗೆ ಸುತ್ತುವ ಪಟಗಾ ಸುತ್ತಿಸಿಕೊಂಡು ಬಂದ, ಊರಲ್ಲಿ ಎದೆ ಉಬ್ಬಿಸಿಕೊಂಡು ತಿರುಗಿದ. ಮುಂದೆ ಮೊಣಕಾಲು ಕೈಕೊಟ್ಟಿತು. ಕುಸ್ತಿ ಬಿಟ್ಟು ಭೀಮಗೊಂಡ ಎಂಬ ಜೈನ ರೈತನ ದ್ರಾಕ್ಷಿ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸಲು ಸೇರಿದ. ಕುಸ್ತಿ ಮುಗಿಯಿತು ಎಂಬ ಸುದ್ದಿ ಅವನ ಕೈಗಳಿಗೆ ಮಾತ್ರ ಯಾರೂ ಮುಟ್ಟಿಸಲಿಲ್ಲ.

ಹೆಂಡತಿ ಸುಂದರಾ ಆ ಕೈಗಳ ರುಚಿ ಮದುವೆಯಾದ ವರ್ಷದಿಂದಲೇ ಕಂಡಿದ್ದಳು. ಗೋಡೆಯ ಈಚೆ ಕೂತು ನಾವೂ ಕೇಳಿದ್ದೇವೆ. ಬಿಡಿಸಲು ಹೋದವರಿಗೂ ಒಂದಿಷ್ಟು ಪಾಲು ಸಿಗುತ್ತಿತ್ತು. ಆದರೆ ಒಬ್ಬಳೇ ಮಗಳು ಸಾರಿಕಾಳ ಮೇಲೆ ಅವನು ಕೈ ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಬಜಾರಿಗೆ ಹೋಗುತ್ತಿದ್ದ. ಅವಳು ಅವನ ಕೂದಲು ಹಿಡಿದು ಎಳೆದರೆ, ಊರನ್ನೆಲ್ಲ ನಡುಗಿಸುವವನು ಹಲ್ಲು ಕಿರಿದು ನಗುತ್ತಿದ್ದ.

ಸಾರಿಕಾ ಹತ್ತನೇ ಇಯತ್ತೆಯಲ್ಲಿ ಚೆನ್ನಾಗಿ ಪಾಸಾದಳು. ವಿಜ್ಞಾನ ತೆಗೆದುಕೊಂಡು ಮುಂದೆ ಔಷಧಿಯ ಕೋರ್ಸು ಓದಬೇಕು ಎಂಬುದು ಅವಳ ಆಸೆ. ಅದಕ್ಕೆ ಅಥಣಿಗೆ ಬಸ್ಸಿನಲ್ಲಿ ಹೋಗಿ ಬರಬೇಕು. ಬಸ್ಸು ತಡವಾದರೆ ತಿಳಿಸಲಿ ಎಂದು ಭರಮು ಅವಳಿಗೊಂದು ಬಟನ್ ಮೊಬೈಲು ಕೊಡಿಸಿದ. ಇದು ಎರಡು ಸಾವಿರದ ಹತ್ತರ ಆಚೀಚಿನ ಮಾತು. ಆಗ ಸಂದೇಶಗಳ ಪ್ಯಾಕು ಹಾಕಿಸಿಕೊಂಡು ಹುಡುಗರು ದಿನವಿಡೀ ಬಟನ್ ಒತ್ತುತ್ತಿದ್ದ ಕಾಲ. ಅದೇ ಬೇಸಿಗೆಯಲ್ಲಿ ರಾಯಬಾಗದಲ್ಲಿ ಸುಂದರಾಳ ತವರಿನ ಓಣಿಯ ಹುಡುಗಿಯೊಬ್ಬಳು ಯಾರೊಂದಿಗೋ ಹೊರಟುಹೋಗಿದ್ದಳು. ಎಲ್ಲ ಮೊಬೈಲಿನಲ್ಲೇ ನಡೆದಿತ್ತಂತೆ ಎಂದು ಜನ ಆಡಿಕೊಂಡರು. ಸುಂದರಾ ತವರಿಂದ ಬರುವಾಗ ಆ ಹೆದರಿಕೆಯನ್ನೂ ಕಟ್ಟಿಕೊಂಡು ಬಂದಳು.

ಹೀಗಾಗಿ ಮೊಬೈಲಿನ ಜೊತೆಗೆ ಕರಾರುಗಳೂ ಬಂದವು. ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಮೊಬೈಲನ್ನು ಅಪ್ಪನ ಕೈಗೆ ಕೊಡಬೇಕು. ಮನೆಯಲ್ಲಿದ್ದಾಗ ಫೋನು ಬಂದರೆ ಮೊದಲು ಅವ್ವ ಕಿವಿಗೆ ಹಿಡಿದು ಗಂಡಸಿನ ದನಿಯೋ ಹೆಂಗಸಿನ ದನಿಯೋ ಎಂದು ನೋಡಿ ಕೊಡುತ್ತಾಳೆ. ಬಂದ ಯಾವ ಮೆಸೇಜನ್ನೂ ಅಳಿಸಬಾರದು. ಬರಬಾರದ ಒಂದು ಮೆಸೇಜು ಬಂದರೆ ಸಾಕು, ಕಾಲೇಜು ಅಲ್ಲಿಗೆ ಮುಗಿಯಿತು, ಆ ಸುಗ್ಗಿಗೇ ಮದುವೆ. ಸಾರಿಕಾ ಎಲ್ಲಕ್ಕೂ ತಲೆಯಾಡಿಸಿದಳು. ಕಾಲೇಜಿಗೆ ಹೋಗುವುದಕ್ಕಾಗಿ ಆ ಹುಡುಗಿ ಇನ್ನೂ ಏನೇನಕ್ಕೋ ತಲೆಯಾಡಿಸುತ್ತಿದ್ದಳು.

ಭರಮುವಿಗೆ ಇಂಗ್ಲಿಷ್ ಅಕ್ಷರಗಳು ಗೊತ್ತಿದ್ದದ್ದು ಗಾಡಿಗಳ ನಂಬರ್ ಪ್ಲೇಟಿನಿಂದ. ಮೆಸೇಜುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಇಲ್ಲವೇ ಮರಾಠಿ. ಕಟ್ಟೆಯ ಮೇಲೆ ಕೂತು, ಚಹಾ ಆರುವವರೆಗೆ, ಒಂದೊಂದೇ ಅಕ್ಷರಕ್ಕೆ ತುಟಿ ಅಲ್ಲಾಡಿಸುತ್ತ ಎಲ್ಲವನ್ನೂ ಓದುತ್ತಿದ್ದ. ನಾಳೆ ಪ್ರಾಕ್ಟಿಕಲ್ ಇದೆ, ಬಸ್ಸು ಬಂತಾ, ಊಟ ಆಯಿತಾ. ಊಟ ಆಯಿತಾ ಎಂದು ಕೇಳಿದ ಹುಡುಗಿಯ ಮನೆಯವರು ಯಾರು ಎಂಬ ವಿಚಾರಣೆ ಒಂದು ಸಂಜೆಯೆಲ್ಲ ನಡೆದಿತ್ತು. ಹುಡುಗರ ಪೈಕಿ ಒಬ್ಬನ ಮೆಸೇಜಿಗೆ ಮಾತ್ರ ಮಾಫಿ ಇತ್ತು. ಅವನು ಅಭಿನಂದನ, ಭೀಮಗೊಂಡನ ಮಗ, ಸಾರಿಕಾಳ ಕ್ಲಾಸಿನವನೇ. ಮಾಲಕರ ಮಗ, ನೋಟ್ಸು ಕೇಳುತ್ತಾನೆ, ಕೇಳಲಿ ಎಂದು ಬಿಟ್ಟಿದ್ದ.

ಒಂದು ದಿನ ಮೊಬೈಲಿನ ಕಂಪನಿಯವರೇ ಸಾರಿಕಾಳಿಗೆ, ನಿಮ್ಮ ಪ್ರೀತಿಯ ಭವಿಷ್ಯ ತಿಳಿಯಲು ಈ ನಂಬರಿಗೆ ಫೋನು ಮಾಡಿ ಎಂದು ಮೆಸೇಜು ಕಳಿಸಿದರು. ಅವರು ಎಲ್ಲರಿಗೂ ಕಳಿಸುತ್ತಾರೆ, ನನಗೂ ಬಂದಿತ್ತು. ಭರಮು ಅದನ್ನು ಓದಿ ಮುಗಿಸಿದವನೇ ನೆಟ್ಟಗೆ ಬಾಳಾಸಾಬನ ರಿಚಾರ್ಜ್ ಅಂಗಡಿಗೆ ಹೋದ. ಮಾಲಕರ ಮಗನನ್ನು ಬಿಟ್ಟರೆ ಮಗಳ ನಂಬರು ಗೊತ್ತಿರುವ ಗಂಡಸು ಊರಲ್ಲಿ ಅವನೊಬ್ಬನೇ ಅಲ್ಲವೇ. ಒಂದು ಮಾತು ಕೇಳದೆ ಬಾಳಾಸಾಬನನ್ನು ಗಲ್ಲಾಪೆಟ್ಟಿಗೆಯ ಮೇಲಿಂದ ಎಳೆದು ರಸ್ತೆಯಲ್ಲಿ ಕೆಡವಿ ಹೊಡೆದ. ಹಲ್ಲೊಂದು ಉದುರಿತು, ಗಾಜಿನ ಕಪಾಟು ಪುಡಿಯಾಯಿತು. ನಾವು ನಾಲ್ಕು ಜನ ಸೇರಿ ಬಿಡಿಸಿದ ಮೇಲೆ ಬಾಳಾಸಾಬ ಬಾಯಿಂದ ರಕ್ತ ಉಗುಳುತ್ತ, ಅದು ಕಂಪನಿಯದು ಎಂದು ತನ್ನ ಮೊಬೈಲಿನಲ್ಲೂ ಬಂದದ್ದನ್ನು ತೋರಿಸಿದ. ಭರಮು ಅದನ್ನು ನೋಡಿದ, ಅಂಗಿ ಸರಿಮಾಡಿಕೊಂಡ, ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಮನೆಗೆ ಹೋದ. ತಪ್ಪಾಯಿತು ಎಂಬ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ. ಹೊಡೆಯುವುದರಲ್ಲಿ ಅಷ್ಟು ಗಟ್ಟಿಗನಾದವನು ಆ ಒಂದು ಶಬ್ದಕ್ಕೆ ಯಾಕೆ ಅಷ್ಟು ಪುಕ್ಕಲನೋ ನನಗೆ ಇವತ್ತಿಗೂ ತಿಳಿದಿಲ್ಲ.

ಅಳಿಸಬಾರದು ಎಂಬ ಕಟ್ಟಪ್ಪಣೆಯಿಂದ ಸಾರಿಕಾಳ ಮೊಬೈಲು ತುಂಬಿಹೋಯಿತು. ಆಗಿನ ಮೊಬೈಲುಗಳಲ್ಲಿ ಹಿಡಿಯುತ್ತಿದ್ದದ್ದೇ ಅಷ್ಟು. ಮೂಲೆಯಲ್ಲಿ ಲಕೋಟೆಯ ಚಿತ್ರ ಮಿಣುಕತೊಡಗಿತು. ಸಾರಿಕಾ ಅಪ್ಪನ ಮುಂದೆ ನಿಂತು ಕೇಳಿಕೊಂಡದ್ದು ನಮ್ಮ ಅಂಗಳಕ್ಕೂ ಕೇಳಿಸಿತ್ತು.

"ಅಪ್ಪಾ, ಹಳೇವು ತಗೀಲಿಲ್ಲಂದ್ರ ಹೊಸಾವು ಪೂರಾ ಬರೂದಿಲ್ಲ. ಉದ್ದಂದು ಬಂದ್ರ ಅರ್ಧಾ ತುಂಡಾಗಿ ಬರತೈತಿ."

"ತಗಿಯೂದು ಅಂದ್ರ ಮುಚ್ಚೂದು," ಎಂದ ಭರಮು. "ತುಂಬಲಿ."

ಅವನ ಕಿಸೆಯಲ್ಲೂ ಒಂದು ಮೊಬೈಲಿತ್ತು. ಟ್ರ್ಯಾಕ್ಟರ್ ಎಲ್ಲಿದೆ ಎಂದು ಕೇಳಲು ಮಾಲಕರು ಕೊಡಿಸಿದ್ದು. ಹಸಿರು ಬಟನ್ ಒತ್ತಿದರೆ ಮಾತು, ಕೆಂಪು ಒತ್ತಿದರೆ ಮುಗಿಯಿತು, ಅಷ್ಟೇ ಅವನಿಗೆ ಅದರ ಬಳಕೆ. ಟಣ್ ಎಂದು ಮೆಸೇಜು ಬಂದರೆ ತೆಗೆದು ನೋಡುತ್ತಲೂ ಇರಲಿಲ್ಲ. ನನಗ್ಯಾರು ಏನು ಬರೆಯುತ್ತಾರೆ ಎನ್ನುತ್ತಿದ್ದ.

ಆ ವರ್ಷ ಮಳೆಗಾಲದಲ್ಲಿ ಊರ ಬಸದಿಯಲ್ಲಿ ಒಬ್ಬ ಮುನಿಗಳು ಚಾತುರ್ಮಾಸಕ್ಕೆ ನಿಂತಿದ್ದರು. ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿ ಬರುತ್ತದೆ. ಅಂದು ಅವರು ಬಸದಿಯಲ್ಲಿ ಒಬ್ಬರಿಗೊಬ್ಬರು ಕೈಮುಗಿದು, ಮನಸ್ಸಿನಿಂದ, ಮಾತಿನಿಂದ, ಶರೀರದಿಂದ ನೋವಾಗಿದ್ದರೆ ಕ್ಷಮಿಸಿ ಎಂದು ಕೇಳಿಕೊಳ್ಳುತ್ತಾರೆ. ಸಾಲೆಯಲ್ಲಿ ಜೈನ ಗೆಳೆಯರಿದ್ದ ನಮ್ಮಂಥವರಿಗೆ ಅದು ಗೊತ್ತು. ಭರಮುವಿಗೆ ಗೊತ್ತಿದ್ದದ್ದು ಮಾಲಕರ ಮನೆಯವರು ಉಪವಾಸ ಮಾಡುತ್ತಾರೆ, ಅದು ಮುಗಿದಾಗ ಆಳುಗಳಿಗೆ ಬುಂದಿ ಲಾಡು ಸಿಗುತ್ತದೆ ಎನ್ನುವಷ್ಟೇ. ಬಸದಿಯ ಒಳಗಿನ ಮಾತು ಹೊರಗೆ ಬಂದಿರಲಿಲ್ಲ. ಆದರೆ ಆ ವರ್ಷ ಮುನಿಗಳು ಹುಡುಗರನ್ನು ಕೂರಿಸಿಕೊಂಡು, ನೀವು ನೀವೇ ಕ್ಷಮೆ ಕೇಳಿಕೊಂಡರೆ ಏನು ಬಂತು, ನಿಮ್ಮ ಹೊಲದಲ್ಲಿ ದುಡಿಯುವವರನ್ನೂ ಕೇಳಿ ಎಂದು ಹೇಳಿದ್ದರಂತೆ. ಅಭಿನಂದನನಿಗೆ ಅದು ನಾಟಿತ್ತು. ಬೆಳಿಗ್ಗೆ ಎದ್ದು ತನ್ನ ಮೊಬೈಲಿನಲ್ಲಿದ್ದ ಎಲ್ಲರಿಗೂ ಆ ಮಾತನ್ನು ಬರೆದು ಕಳಿಸಿದ. ಆ ಎಲ್ಲರಲ್ಲಿ ಸಾರಿಕಾಳೂ ಒಬ್ಬಳು.

ಅಂದು ಸಂಜೆ ಇನ್ನೂ ಬಿಸಿಲಿತ್ತು. ಬಳ್ಳಿ ಸವರುವ ಚಾಟಣಿಯ ಮೊದಲು ದ್ರಾಕ್ಷಿ ತೋಟಕ್ಕೆ ತಿಪ್ಪೆಗೊಬ್ಬರ ಹಾಕುವ ದಿನಗಳು. ಭರಮು ಗೊಬ್ಬರ ತುಂಬಿದ ಟ್ರೇಲರನ್ನು ಮನೆಯ ಮುಂದೆ ನಿಲ್ಲಿಸಿ ಚಹಾಕ್ಕೆ ಬಂದಿದ್ದ. ಸಾರಿಕಾ ಬಸ್ಸಿಳಿದು ಬಂದಳು, ಚಪ್ಪಲಿ ಬಿಡದೆ ಮೊಬೈಲು ಕೊಟ್ಟಳು. ನಾನು ನಮ್ಮ ಮನೆಗೆ ಹತ್ತಿಕೊಂಡೇ ಇರುವ ಗಿರಣಿಯ ಬಾಗಿಲಲ್ಲಿ ನಿಂತು ಮೈಮೇಲಿನ ಹಿಟ್ಟು ಕೊಡವುತ್ತಿದ್ದೆ. ಅವನ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಒಮ್ಮೆ ಓದಿದ, ಮತ್ತೊಮ್ಮೆ ಓದಿದ. ಮನಸ್ಸಿನಿಂದ, ಮಾತಿನಿಂದ, ಶರೀರದಿಂದ ನಾನು ಮಾಡಿದ ತಪ್ಪನ್ನು ಕ್ಷಮಿಸಿಬಿಡಿ. ಅಷ್ಟಕ್ಕೆ ನಿಂತುಹೋಗಿತ್ತು. ಮುಂದಿನ ಅರ್ಧಕ್ಕೆ ಆ ಮೊಬೈಲಿನಲ್ಲಿ ಜಾಗವೇ ಇರಲಿಲ್ಲ.

ಚಹಾದ ಕಪ್ಪು ಕಟ್ಟೆಯಿಂದ ಉರುಳಿತು. "ಮೈಯಿಂದ ಏನ ಮಾಡ್ಯಾನ ಅವ?" ಎಂದು ಕೇಳಿದ. ದನಿ ದೊಡ್ಡದೇನೂ ಇರಲಿಲ್ಲ. ಸಾರಿಕಾಳಿಗೆ ಪ್ರಶ್ನೆಯೇ ತಿಳಿಯಲಿಲ್ಲ, ಆ ಮೆಸೇಜನ್ನು ಅವಳಿನ್ನೂ ನೋಡಿರಲೂ ಇಲ್ಲ. ಮೊದಲ ಏಟು ಅವಳ ಎಡಗೆನ್ನೆಗೆ ಬಿತ್ತು. ಬಾಗಿಲ ಚೌಕಟ್ಟಿಗೆ ಹಣೆ ಬಡಿದು ಕುಸಿದಳು. ಅಪ್ಪ ಮೊಬೈಲನ್ನು ಮುಖದ ಮುಂದೆ ಹಿಡಿದಾಗ ಓದಿದಳು, ಅರ್ಥವಾಯಿತು. "ಅಪ್ಪಾ, ಇದು ಅವರ ಹಬ್ಬದ್ದು..." ಎನ್ನುವಷ್ಟರಲ್ಲಿ ಎರಡನೆಯದು ಅದೇ ಕಡೆ, ಅಂಗೈ ಅಗಲಿಸಿ, ಕಿವಿಯ ಮೇಲೆ ಬಿತ್ತು. ಪೈಲ್ವಾನನ ಅಂಗೈ ಅದು. ಕಿವಿಯಿಂದ ರಕ್ತ ಇಳಿದು ಕಾಲೇಜಿನ ಬಿಳಿ ಓಢಣಿಯ ಮೇಲೆ ಹರಡಿತು.

ಸುಂದರಾ ಓಡಿ ಬಂದಳು. ಮಗಳನ್ನು ಎತ್ತಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಮಗಳ ಜಡೆ ಹಿಡಿದು ಒಳಕೋಣೆಗೆ ಎಳೆದು ಹೊರಗಿನಿಂದ ಚಿಲಕ ಹಾಕಿದಳು. ಪುಸ್ತಕದ ಚೀಲವನ್ನು ಒಯ್ದು ಬಚ್ಚಲಿನ ನೀರೊಲೆಗೆ ತುರುಕಿದಳು. ಇವಳ ಕಾಲೇಜು ಇವತ್ತಿಗೆ ಸುಟ್ಟಿತು ಎಂದು ಎದೆ ಎದೆ ಬಡಿದುಕೊಂಡಳು. ಗಂಡನ ಕೈಯಲ್ಲಿ ಅಷ್ಟು ವರ್ಷ ಏಟು ತಿಂದವಳು ಅಂದು ಅವನ ಮೂರನೆಯ ಕೈಯಾದಳು. ಆ ಹೆಂಗಸಿನ ಮೇಲೆ ನನಗೆ ಬಂದ ಸಿಟ್ಟು ಭರಮುವಿನ ಮೇಲೂ ಬಂದಿರಲಿಲ್ಲ.

ಭರಮು ಮಗಳ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಟ್ರ್ಯಾಕ್ಟರ್ ಹತ್ತಿದ. ಟ್ರೇಲರ್ ಬಿಡಿಸುವ ತಾಳ್ಮೆಯೂ ಇರಲಿಲ್ಲ. ನಾನು ಅಡ್ಡ ಹೋಗಿ, ಅದು ಕ್ಷಮಾವಾಣಿ ಐತೋ ಮಾರಾಯಾ ಎಂದು ಕೂಗಿದೆ. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲವೋ, ಕೇಳುವ ಮನಸ್ಸಿರಲಿಲ್ಲವೋ, ಒಂದೇ ಒದೆತಕ್ಕೆ ನನ್ನನ್ನು ಗಟಾರದಲ್ಲಿ ಕೆಡವಿ ಹೊರಟ. ಎದ್ದು ಸೈಕಲ್ ಹತ್ತಿ ಬೆನ್ನಟ್ಟಿದೆ. ದಾರಿಯುದ್ದಕ್ಕೂ ಗೊಬ್ಬರ ಚೆಲ್ಲುತ್ತ ಹೋಗಿತ್ತು.

ತೋಟದಲ್ಲಿ ಕೆಲಸ ಮುಗಿಸಿದ ಆಳುಗಳು ದ್ರಾಕ್ಷಿ ಒಣಗಿಸುವ ಬೇದಾಣೆ ಶೆಡ್ಡಿನ ಮುಂದೆ ಕೂತಿದ್ದರು. ಅಭಿನಂದನ ಬಿಳಿ ಬಟ್ಟೆಯಲ್ಲಿದ್ದ. ಹೊತ್ತು ಮುಳುಗುವ ಮೊದಲು ಊಟಕ್ಕೆ ಮನೆ ಸೇರಬೇಕಲ್ಲ, ಅವಸರದಲ್ಲಿ ಲಾಡು ಹಂಚುತ್ತಿದ್ದ. ಒಬ್ಬೊಬ್ಬರ ಮುಂದೆ ನಿಂತು ಕೈಮುಗಿಯುತ್ತಿದ್ದ. ಮಾಲಕರ ಮಗ ಕೈಮುಗಿಯುವುದನ್ನು ಕಂಡು ಹೆಂಗಸರು ನಾಚಿ ಸೆರಗು ಬಾಯಿಗೆ ಹಿಡಿದಿದ್ದರು. ಆಗ ಟ್ರ್ಯಾಕ್ಟರ್ ಬಂದು ನಿಂತಿತು, ಭರಮು ಧುಮುಕಿದ. ಹುಡುಗ ಅವನನ್ನು ನೋಡಿ ನಕ್ಕ. ಲಾಡಿನ ಬುಟ್ಟಿ ಕೆಳಗಿಟ್ಟು ಅವನ ಮುಂದೆಯೂ ಎರಡು ಕೈ ಜೋಡಿಸಿದ.

"ಭರಮುಕಾಕಾ, ನನ್ನಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ."

ಮೆಸೇಜಿನಲ್ಲಿ ಬರೆದದ್ದನ್ನೇ ಬಾಯಿಂದಲೂ ಒಪ್ಪಿಕೊಂಡ ಎಂದು ಭರಮು ತಿಳಿದ. ಆ ಜೋಡಿಸಿದ ಕೈಗಳನ್ನೇ ಹಿಡಿದು ಹುಡುಗನನ್ನು ಎತ್ತಿ ದ್ರಾಕ್ಷಿ ಚಪ್ಪರದ ಕಲ್ಲುಕಂಬಕ್ಕೆ ಬೀಸಿದ. ನಾನು ಸೈಕಲ್ ಒಗೆದು ಓಡಿದೆ. ಹೆಂಗಸರು ಚೀರಿಕೊಂಡು ಎದ್ದರು. ಮೂಗು ಒಡೆದು ರಕ್ತ ಬಿಳಿ ಅಂಗಿಯ ಮೇಲೆ ಸುರಿಯುತ್ತಿತ್ತು, ಆ ಹುಡುಗ ಆಗಲೂ ತಾನೇನು ತಪ್ಪು ಮಾಡಿದೆ ಎಂದು ಕೇಳುತ್ತಿದ್ದ. ಭರಮು ಅವನನ್ನು ಬೋರಲು ಕೆಡವಿ ಬೆನ್ನ ಮೇಲೆ ಮೊಣಕಾಲಿಟ್ಟ. ಬಲತೋಳನ್ನು ಹಿಂದಕ್ಕೆ ತಿರುವಿದ. ಆ ಪಟ್ಟು ಯಾವುದೆಂದು ಅಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ಕುತ್ತಿಗೆಗೆ ಜೋತುಬಿದ್ದೆ, ವಸ್ತಾದರ ಹೆಸರು ಹೇಳಿದೆ, ಅವನ ಕಿವಿಯನ್ನು ಕಚ್ಚಿದೆ. ಅವನು ಮೈಭಾರವನ್ನೆಲ್ಲ ಮೊಣಕೈ ಮೇಲೆ ಹಾಕಿದ. ಹಸಿ ಕಬ್ಬು ಮುರಿದಂಥ ಸದ್ದು ಬಂತು, ಹುಡುಗನ ದನಿ ನಿಂತಿತು. ಆಳುಗಳು ಸಲಿಕೆಯ ಕಾವಿನಿಂದ ಬಡಿದು ಬಡಿದು ಅವನನ್ನು ಮೇಲೆಬ್ಬಿಸಿದರು.

ಅಭಿನಂದನನನ್ನು ಜೀಪಿನಲ್ಲಿ ಹಾಕಿಕೊಂಡು ಮಿರಜಿಗೆ ಹೊರಡುವಷ್ಟರಲ್ಲಿ ಭೀಮಗೊಂಡ ಬಂದ. ಜೊತೆಗೆ ಬಂದ ಹುಡುಗನ ತಾಯಿ ಲಕ್ಷ್ಮಿಬಾಯಿ ಜೀಪಿನಲ್ಲಿ ಕೂತಳು, ಅವನು ಹಿಂದೆ ಉಳಿದ. ಭರಮುವನ್ನು ಕಂಬಕ್ಕೆ ಕಟ್ಟಿದ್ದರು. ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಅವನ ಆರ್ಭಟ ತಗ್ಗಿರಲಿಲ್ಲ. ನಿಮ್ಮ ಮಗ ನನ್ನ ಮಗಳಿಗೆ ಏನು ಬರೆದಿದ್ದಾನೆ ಓದಿ, ಎಲ್ಲರ ಮುಂದೆ ಓದಿ ಎಂದು ಕೂಗುತ್ತಿದ್ದ. ಭೀಮಗೊಂಡ ಅವನ ಸೊಂಟದಲ್ಲಿದ್ದ ಸಾರಿಕಾಳ ಮೊಬೈಲು ತೆಗೆದುಕೊಂಡು ಓದಿದ. ಬಡಿಗೆ ಎತ್ತುತ್ತಾನೆ ಎಂದು ನಾವೆಲ್ಲ ಕಾದೆವು. ಅವನು ಭರಮುವಿನ ಅಂಗಿಯ ಕಿಸೆಗೆ ಕೈ ಹಾಕಿ, ಅಲ್ಲಿದ್ದ ಮೊಬೈಲು ಹೊರತೆಗೆದು ನನ್ನ ಕಡೆ ಚಾಚಿದ.

"ಸಿದರಾಯಾ, ಇದನ್ನ ನೀ ಓದು. ನಾ ಓದಿದ್ರ ಇವ ನಂಬೂದಿಲ್ಲ."

ತೆರೆಯದ ಮೆಸೇಜುಗಳು ಸಾಲಾಗಿ ಬಿದ್ದಿದ್ದವು. ಎಲ್ಲಕ್ಕಿಂತ ಮೇಲಿನದು ಅಂದೇ ಬೆಳಿಗ್ಗೆ ಭೀಮಗೊಂಡನ ನಂಬರಿನಿಂದ ಬಂದದ್ದು. ಅಪ್ಪನ ಮೊಬೈಲಿನಿಂದಲೂ ಅಭಿನಂದನನೇ ಎಲ್ಲ ಆಳುಗಳಿಗೆ ಕಳಿಸಿದ್ದನಂತೆ. ನಾನು ದೊಡ್ಡದಾಗಿ ಓದಿದೆ. ಮನಸ್ಸಿನಿಂದ, ಮಾತಿನಿಂದ, ಶರೀರದಿಂದ ನಾನು ಮಾಡಿದ ತಪ್ಪನ್ನು ಕ್ಷಮಿಸಿಬಿಡಿ. ಅವವೇ ಅಕ್ಷರಗಳು. ಇದರಲ್ಲಿ ಮುಂದಿನ ಅರ್ಧವೂ ಇತ್ತು. ತಿಳಿದು ಮಾಡಿದ್ದಿರಲಿ, ತಿಳಿಯದೆ ಮಾಡಿದ್ದಿರಲಿ, ಕ್ಷಮಾವಾಣಿಯ ಈ ದಿನ ಎಲ್ಲ ಜೀವಿಗಳಲ್ಲಿ ಕ್ಷಮೆ ಬೇಡುತ್ತೇನೆ. ಜೈ ಜಿನೇಂದ್ರ.

ಭರಮು ಇನ್ನೊಮ್ಮೆ ಓದು ಎಂದ. ಓದಿದೆ. ಆ ಮೆಸೇಜು ಬೆಳಿಗ್ಗೆಯಿಂದ ಅವನ ಎದೆಯ ಮೇಲಿನ ಕಿಸೆಯಲ್ಲೇ ಇತ್ತು. ಮಗಳಿಗೆ ಹೊಡೆಯುವಾಗ ಇತ್ತು, ಹುಡುಗನ ಬೆನ್ನ ಮೇಲೆ ಕೂತಾಗಲೂ ಇತ್ತು. ಹಗ್ಗ ಬಿಚ್ಚಿದ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿ ಅವಿಸಿಕೊಂಡು ಪೊಲೀಸರು ಬರುವವರೆಗೆ ಮಣ್ಣಲ್ಲಿ ಕೂತಿದ್ದ.

ನಾನು ಊರಿಗೆ ಓಡಿ ಬಂದು ಒಳಕೋಣೆಯ ಚಿಲಕ ತೆಗೆದೆ. ಸಾರಿಕಾ ಮೂಲೆಯಲ್ಲಿ ಕೂತಿದ್ದಳು. ಎಡಗಡೆಯಿಂದ ಕರೆದೆ, ತಿರುಗಲಿಲ್ಲ. ಪರದೆ ಹರಿದಿದೆ, ಒಳಗಿನ ನರಕ್ಕೂ ಪೆಟ್ಟಾಗಿದೆ, ಈ ಕಿವಿ ಇನ್ನು ಕೇಳಿಸದು ಎಂದು ಮಿರಜಿನ ಡಾಕ್ಟರು ಆಮೇಲೆ ಹೇಳಿದರು. ಅದೇ ದವಾಖಾನೆಯಲ್ಲಿ ಮೇಲಿನ ಮಹಡಿಯಲ್ಲಿ ಅಭಿನಂದನನ ಮೊಣಕೈಗೆ ರಾಡು ಹಾಕಿದರು. ಆ ಕೈ ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅಂದಮೇಲೆ ಎರಡು ಕೈ ಸರಿಯಾಗಿ ಕೂಡಿಸಿ ಮುಗಿಯುವುದೂ ಅವನಿಂದ ಆಗುವುದಿಲ್ಲ.

ಭರಮು ಒಂದಿಷ್ಟು ಕಾಲ ಜೈಲಿನಲ್ಲಿದ್ದ, ಆಮೇಲೆ ಅಥಣಿಯ ಕೋರ್ಟಿಗೆ ಅಲೆದ. ಕೊನೆಗೆ ಭೀಮಗೊಂಡನೇ ರಾಜಿಗೆ ಒಪ್ಪಿದ. ರಾಜಿಯ ದಿನ ಹಿರಿಯರು ಇವನನ್ನು ಕ್ಷಮಿಸುತ್ತೀರಾ ಎಂದು ಲಕ್ಷ್ಮಿಬಾಯಿಯನ್ನೂ ಕೇಳಿದರು. ಹತ್ತು ದಿನ ಬಿಸಿನೀರು ಕುಡಿದು ಉಪವಾಸ ಮಾಡುವ, ಇರುವೆ ಕಂಡರೆ ಕಾಲು ಎತ್ತಿಡುವ ಹೆಂಗಸು ಆಕೆ. "ಎಲ್ಲಾ ಜೀವಕ್ಕೂ ಕ್ಷಮಾ ಅಂತ ಬಾಯಿ ಬಿಡತೇನ್ರಿ," ಎಂದಳು. "ಇವನ ಮಾರಿ ಮುಂದ ಬರತೈತಿ, ನಾಲಿಗಿ ನಿಂದರತೈತಿ. ಪಾಪ ನನಗ ಬರಲಿ." ನನಗೆ ಆಕೆಯ ಕಾಲು ಮುಟ್ಟಬೇಕು ಅನಿಸಿತು.

ಸಾರಿಕಾ ದವಾಖಾನೆಯಿಂದ ಆ ಮನೆಗೆ ಮರಳಲೇ ಇಲ್ಲ. ಸೋದರಮಾವ ಭಾವುಸಾಹೇಬ ರಾಯಬಾಗ ಬಿಟ್ಟು ನಿಪ್ಪಾಣಿಯಲ್ಲಿ ನೌಕರಿಯಲ್ಲಿದ್ದ, ಅಲ್ಲಿಗೇ ಕರೆದೊಯ್ದ. ಒಂದು ಕಿವಿಯಲ್ಲಿ ಪಾಠ ಕೇಳಿ, ಬೇರೆಯವರ ಪುಸ್ತಕ ಓದಿ, ಒಂದು ವರ್ಷ ತಡವಾಗಿ ಪಾಸಾದಳು. ಔಷಧಿಯ ಕೋರ್ಸನ್ನೂ ಮುಗಿಸಿದಳು. ಅಲ್ಲೇ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಹಿಡಿದಳು, ತಾನೇ ನೋಡಿದ ಹುಡುಗನನ್ನು ಮದುವೆಯಾದಳು. ಗಿರಾಕಿ ಎಡಗಡೆ ನಿಂತರೆ, ಸ್ವಲ್ಪ ಈಚೆ ಬರ್ರಿ ಎನ್ನುತ್ತಾಳಂತೆ. ಅಪ್ಪ ಅವ್ವನಿಗೆ ಅವಳ ನಂಬರು ಗೊತ್ತಿರಲಿಲ್ಲ.

ಭರಮು ಮೊಬೈಲು ಬಿಟ್ಟ. ಯಾರೂ ಕೆಲಸ ಕೊಡಲಿಲ್ಲ. ನನ್ನ ಗಿರಣಿಯಲ್ಲಿ ಚೀಲ ಹೊರುತ್ತಾನೆ. ಕೊಟ್ಟೆ, ಯಾಕೆ ಕೊಟ್ಟೆ ಎಂದು ಕೇಳಬೇಡಿ, ಅವನನ್ನು ಬಯ್ಯಲು ದಿನಾ ಒಬ್ಬರಾದರೂ ಬೇಕಲ್ಲ. ಯಾರ ಮೇಲೂ ಕೈ ಎತ್ತಿದ್ದನ್ನು ಆಮೇಲೆ ನಾನು ಕಂಡಿಲ್ಲ. ಚಕ್ಕಿ ತಿರುಗುವಾಗ, ಆ ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂದುಕೊಂಡು, ತುಟಿ ಅಲ್ಲಾಡಿಸುತ್ತ ಆ ಮೆಸೇಜನ್ನು ಬಾಯಿಪಾಠ ಮಾಡುತ್ತಿದ್ದ. ಯಾರಿಗೆ ಹೇಳಲು ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಎರಡು ಸಾವಿರದ ಹದಿನೆಂಟರಲ್ಲಿ ಸುಂದರಾ ಹಾಸಿಗೆ ಹಿಡಿದಳು. ಸೋದರಮಾವನಿಂದ ಸುದ್ದಿ ತಿಳಿದು ಸಾರಿಕಾ ಚಿಕ್ಕ ಮಗಳನ್ನು ಕರೆದುಕೊಂಡು ಒಂದು ಮಧ್ಯಾಹ್ನದ ಮಟ್ಟಿಗೆ ಬಂದಳು. ಅವ್ವನಿಗೆ ಔಷಧಿ ಕುಡಿಸಿದಳು, ಹೆಚ್ಚು ಮಾತಾಡಲಿಲ್ಲ. ಆಮೇಲೆ ಹೊರಗೆ ಕಟ್ಟೆಯ ಮೇಲೆ ಕೂತು ಮಗುವಿಗೆ ಬಾಳೆಹಣ್ಣು ತಿನ್ನಿಸತೊಡಗಿದಳು. ಭರಮು ಬಂದು ಬಹಳ ಹೊತ್ತು ಅಂಗಳದಲ್ಲೇ ನಿಂತ. ಕಟ್ಟೆಯ ಮೇಲೆ ಅವಳ ಬಲಕ್ಕೂ ಜಾಗವಿತ್ತು, ಎಡಕ್ಕೂ ಇತ್ತು. ಅವನು ನಡೆದು ಹೋಗಿ ಎಡಗಡೆ ಕೂತ. ಯಾವ ಕಿವಿ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನೆಲ ನೋಡುತ್ತ ಪಿಸುದನಿಯಲ್ಲಿ ಪೂರಾ ಹೇಳಿದ. ಮನಸ್ಸಿನಿಂದ, ಮಾತಿನಿಂದ, ಶರೀರದಿಂದ. ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು. ಒಂದು ಅಕ್ಷರ ಬಿಡದೆ ಎರಡೂ ಅರ್ಧ ಹೇಳಿದ. ಅಂಗಳದ ಗೋಡೆಯ ಈಚೆ, ಅವನ ಮಗ್ಗುಲಲ್ಲೇ ನಿಂತ ನನಗೆ ಎಲ್ಲ ಕೇಳಿಸಿತು. ಬಲಕ್ಕೆ ಹೋಗಿ ಹೇಳೋ ಹೇಡಿ ಎಂದು ಕೂಗಬೇಕೆನಿಸಿತು.

ಮಗುವಿನ ಬಾಯಿ ಒರೆಸುತ್ತಿದ್ದ ಸಾರಿಕಾ, ಪಕ್ಕದಲ್ಲಿ ತುಟಿ ಅಲ್ಲಾಡಿದ್ದು ಕಣ್ಣಿಗೆ ಬಿದ್ದು ತಿರುಗಿದಳು.

"ಏನಂದಿ ಅಪ್ಪಾ?"

ಭರಮು ಕಟ್ಟೆಯಿಂದ ಎದ್ದ.

"ಏನಿಲ್ಲವಾ. ಬಸ್ಸಿನ ಹೊತ್ತಾತು ಅಂದ್ನಿ."

ಅವಳು ಮೊಬೈಲು ತೆಗೆದು ಹೊತ್ತು ನೋಡಿದಳು. ಹೌದೆಂದು ಹೇಳಿ, ಮಗುವನ್ನು ಎತ್ತಿಕೊಂಡು ಎದ್ದಳು.